ಲಾಗ್‌ಬುಕ್ಕಿನ್ಯಾಗ ಖರೇ ಬರದವನ ಕೆಲಸ ಉಳಿಯೂದು ಹೆಂಗ? ನೀರು, ಕಸ, ಬಸ್ ಕಡೆಯವರು ಹೇಳ್ರಿ

ಚಾವಿ_ಬಾಗಲಕೋಟಿ (ಸೋಮವಾರ, ರಾತ್ರಿ 10:40)

ಎಲ್ಲಾರಿಗೂ ಶರಣು. ನಾ ಬಾಗಲಕೋಟಿ ಜಿಲ್ಲಾದ ಒಂದು ಊರಾಗ ನೀರು ಬಿಡೋ ಕೆಲಸ ಮಾಡಾಂವ. ಊರ ಹೆಸರು ಬ್ಯಾಡ, ಘಟಪ್ರಭಾ ದಂಡಿ ಊರು ಅಂತ ತಿಳಕೊಳ್ರಿ. 2011ರಾಗ ವಾಲ್‌ಮನ್ ಅಂತ ಸೇರಿದೆ. ಈಗ ನಾಕ್ ವರ್ಷದಿಂದ ಶುದ್ಧೀಕರಣ ಘಟಕದಾಗ ರಾತ್ರಿ ಪಾಳಿ. ಕೆಲಸ ಅದ, ಜಾಗಾ ಅದ, ಗುತ್ತಿಗೆದಾರರು ಮಾತ್ರ ಇವರು ಐದನೇದವರು.

ಆಗಿದ್ದು ಹೇಳ್ತೀನಿ. ಹೋದ ತಿಂಗಳು ಟಿಸಿಎಲ್ ಪುಡಿ, ಅಂದ್ರ ನೀರಿಗೆ ಹಾಕೋ ಬ್ಲೀಚಿಂಗ್ ಪುಡಿ, ತೀರಿತು. ಹೊಸಾದು ಬರೂಮಟ ಹಳೇ ಚೀಲದಾಗ ಇದ್ದದ್ದು ಹಾಕು ಅಂದ್ರು. ಆ ಚೀಲದ ಬಾಯಿ ಬಿಚ್ಚಿ ಎರಡು ತಿಂಗಳಾಗಿತ್ತು. ಬ್ಯಾಸಗಿ ಝಳಕ್ಕ ಅದರ ಘಾಟೆಲ್ಲಾ ಹೋಗಿ ಬರೇ ಸುಣ್ಣ ಉಳದಿತ್ತು, ಮೂಗಿನ ಹತ್ರ ಹಿಡದ್ರೂ ವಾಸನಿ ಇಲ್ಲ. ಆದ್ರೂ ಕಲಸಿ ಹಾಕಿದೆ. ಅರ್ಧ ತಾಸು ಬಿಟ್ಟು ಟಾಕಿ ನೀರು ಶೀಶೆದಾಗ ತಗೊಂಡು ಔಷಧದ ಹನಿ ಬಿಟ್ಟೆ. ಕ್ಲೋರಿನ್ ಇದ್ರ ನೀರು ಹಳದಿ ಆಗಬೇಕು. ಆಗಲಿಲ್ಲ. ಶೀಶೆ ತೊಳದು ಇನ್ನೊಮ್ಮೆ ಮಾಡಿದೆ, ಬ್ಯಾಟ್ರಿ ಬೆಳಕಿಗೆ ಹಿಡದು ನೋಡಿದೆ. ನೀರು ಇದ್ದಂಗ ಇತ್ತು. ಊರ ಕಡೀ ಮನಿ ನಳದಾಗ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳದಿರಬೇಕು ಅಂತ ನಮಗ ಕಲಿಸ್ಯಾರ. ಟಾಕ್ಯಾಗ ಇಲ್ಲದ್ದು ಕಡೀ ಮನ್ಯಾಗ ಎಲ್ಲಿಂದ ಬರಬೇಕು?

ಲಾಗ್‌ಬುಕ್ಕಿನ್ಯಾಗ ಬರದೆ: ‘ಉಳಿಕೆ ಕ್ಲೋರಿನ್ ಸೊನ್ನೆ. ಪುಡಿಯಲ್ಲಿ ಸತ್ವ ಇಲ್ಲ. ಹೊಸ ಪುಡಿ ಬರುವ ತನಕ ನೀರು ಬಿಡುವುದು ಬೇಡ.’ ಟೈಮ್ ಹಾಕಿ ಸಹಿ ಮಾಡಿದೆ. ಬರಿಯೂ ಮೊದಲ ಎರಡು ಸಲ ಫೋನೂ ಮಾಡಿದ್ದೆ, ಎತ್ತಲಿಲ್ಲ.

ಮುಂಜಾನೆ ಆ ಪುಟ ನೋಡಿದವರು ‘ಇದನ್ನ ಯಾಕ ಬರದಿ’ ಅಂದ್ರು. ಯಾಕ ಹಿಂಗಾತು ಅಂತ ಕೇಳಲಿಲ್ಲ. ನಾಕ್ ದಿನ ಬಿಟ್ಟು ಗುತ್ತಿಗೆದಾರರ ಕಡೆಯಿಂದ ಮೊಬೈಲಿಗೆ ‘ನಾಳಿಂದ ಬರಬ್ಯಾಡ’ ಅಂತ ಬಂತು. ಕಾಗದ ಇಲ್ಲ, ಕಾರಣ ಇಲ್ಲ.

ಇನ್ನೊಂದು ಮಾತು ಮುಚ್ಚಿಡೂದಿಲ್ಲ. ಇದಕ್ಕೂ ಮೊದಲ ಎಷ್ಟೋ ರಾತ್ರಿ ನಾನೂ ಪರೀಕ್ಷಾ ಮಾಡದ 0.2 ಅಂತ ಬರದೀನಿ. ಎಲ್ಲಾರೂ ಹಂಗ ಬರೀತಿದ್ರು. 2022ರ ಅಕ್ಟೋಬರಿನ್ಯಾಗ ರಾಮದುರ್ಗ ತಾಲೂಕಿನ ಮುದೇನೂರಾಗ ಹೊಲಸ ನೀರು ಕುಡದು ಮಂದಿ ಸತ್ತರಲ್ಲ, ಆ ಸುದ್ದಿ ಕೇಳಿದ ದಿನದಿಂದ ಸೊನ್ನೆ ಇದ್ದಲ್ಲಿ 0.2 ಬರಿಯಾಕ ನನ್ನ ಕೈ ಬರಲಿಲ್ಲ.

ಪಗಾರ, ಪಿಎಫ್ ಗೋಳು ಎಲ್ಲಾರಿಗೂ ಐತಿ, ಅದು ನನಗೂ ಐತಿ. ಆದ್ರ ಇವತ್ತ ಕೇಳಾಕ ಬಂದಿದ್ದು ಬ್ಯಾರೆ. ಖರೇ ಬರದ ಕೈಯನ್ನ ಕಾಯಾಕ ನಮ್ಮ ಸಂಘಟನಿಗಳ ಹತ್ರ ಏನೈತಿ?

ವಸ್ತಿ_ಬಸ್ (ಸೋಮವಾರ, ರಾತ್ರಿ 11:55)

ಅಣ್ಣಾರ, ಓದಿ ಎದಿ ಝಲ್ಲಂತು. ನಿಮ್ಮ ಲಾಗ್‌ಬುಕ್ಕು, ನಮ್ಮ ಲಾಗ್‌ಶೀಟು ಎರಡೂ ಒಂದ.

ನಾ ಸರ್ಕಾರಿ ಬಸ್ ಡ್ರೈವರ್, 17 ವರ್ಷ ಸರ್ವಿಸ್. ಡಿಪೋ ಹೆಸರು ಹೇಳೂದಿಲ್ಲ. ಈಗ ಒಂದು ಹಳ್ಳ್ಯಾಗ ವಸ್ತಿ ಮಾಡೀನಿ, ಬಸ್ಸಿನ ಹಿಂದಿನ ಸೀಟಿನ ಮ್ಯಾಲ ಮಲಗಿ ಇದನ್ನ ಬರಿಯಾಕತ್ತೀನಿ. ಸಂಜಿಕ ಗಾಡಿ ಡಿಪೋದಾಗ ಬಿಡುಮುಂದ ಅದರ ದೋಷ ಬರದ ಬಿಡಬೇಕು. ಬ್ರೇಕ್ ಹಾಕಿದ್ರ ಎಡಕ್ಕ ಎಳಿತೈತಿ, ಹಿಂದಿನ ಟೈರ್ ಬೋಳ ಆಗೈತಿ, ವೈಪರ್ ಇಲ್ಲ, ಹಿಂಗ. ಬರದ್ರ ಗಾಡಿ ಶೆಡ್ಡಿಗೆ ಹೋಗಬೇಕು, ಇನ್ನೊಂದು ಗಾಡಿ ಇಲ್ಲಾಂದ್ರ ಷೆಡ್ಯೂಲ್ ರದ್ದಾಗತೈತಿ. ಅದಕ್ಕ ‘ಬರೀಬ್ಯಾಡ, ನೋಡ್ಕೊಂಡು ಹೊಡಿ’ ಅಂತಾರ. ಮಳಿಗಾಲದಾಗ ವೈಪರ್ ಇಲ್ಲದ ಗಾಡಿ ಕೊಟ್ರ ಗಾಜಿಗೆ ತಂಬಾಕು ತಿಕ್ಕಿ ಹೊಡದೀವಿ, ನೀರು ಜಾರಲಿ ಅಂತ. ಐವತ್ತರವತ್ತು ಮಂದಿ ಒಳಗಿರತಾರ, ಶಾಲಿ ಹುಡುಗರು ಮೆಟ್ಟಲ ಮ್ಯಾಲ ನಿಂತಿರತಾರ. ಮುಂದ ಕಬ್ಬಿನ ಟ್ರ್ಯಾಕ್ಟರ್, ಅದಕ್ಕ ಹಿಂದ ದೀಪ ಇರೂದಿಲ್ಲ.

ನಾ ಬರೀತೀನಿ. ಯಾಕಂದ್ರ ನನ್ನ ತಗೀಬೇಕಂದ್ರ ನೋಟಿಸ್ ಕೊಡಬೇಕು, ವಿಚಾರಣಿ ಮಾಡಬೇಕು, ನಾ ಉತ್ತರ ಕೊಡಬಹುದು. ಈಗ ಹೊರಗುತ್ತಿಗಿ ಮ್ಯಾಲ ಬಂದ ಹುಡುಗ ಡ್ರೈವರ್‌ಗಳು ಅದಾರಲ್ಲ, ಅವರು ಬರಿಯೂದಿಲ್ಲ. ಏಜೆನ್ಸಿಯವರ ಒಂದು ಫೋನಿಗೆ ಮನಿಗೆ ಹೋಗೋ ಹುಡುಗ ಬ್ರೇಕ್ ಬಗ್ಗೆ ಹೆಂಗ ಬರದಾನು? ಗಾಡಿ ಅದ, ರಸ್ತೆ ಅದ, ಅದರಾಗ ಕೂತ ಮಂದೀನೂ ಅವರ.

ಟಿಳಕವಾಡಿ_ಓದುಗ (ಮಂಗಳವಾರ, ಬೆಳಗ್ಗೆ 7:15)

ನಾನು ಬೆಳಗಾವಿಯವನು, ಯಾವ ಸಂಘಟನೆಗೂ ಸೇರಿದವನಲ್ಲ. ಚಾವಿ ಅವರು ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಚರ್ಚೆಗಳು ಕೊನೆಗೆ ‘ಮುಷ್ಕರ ಮಾಡೋಣ’ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಊರಿಗೆ ರಕ್ಕಸಕೊಪ್ಪದಿಂದಲೂ ಹಿಡಕಲ್‌ನಿಂದಲೂ ನೀರು ಬರುತ್ತದೆ. ವಿಶ್ವಬ್ಯಾಂಕ್ ಸಾಲದಲ್ಲಿ ಕೆಲವು ವಾರ್ಡ್‌ಗಳಿಗೆ 2008ರಲ್ಲೇ 24 ತಾಸು ನೀರು ಬಂತು. ನಮ್ಮ ತಂಗಿಯ ಮನೆ ಅಂಥ ವಾರ್ಡಿನಲ್ಲಿದೆ. ಅವಳು ಹಂಡೆ, ಕೊಡ ತುಂಬಿಡುವುದನ್ನೇ ಮರೆತಿದ್ದಾಳೆ. ನಮ್ಮ ಓಣಿಯಲ್ಲಿ ಬೇಸಿಗೆ ಬಂದರೆ ವಾರ ಕಾಯಬೇಕು. ಅಂಥದ್ದರಲ್ಲಿ ನೀರಿನವರೂ ಕೈ ಕಟ್ಟಿ ಕುಳಿತರೆ ನಮ್ಮ ಗತಿಯೇನು? 2021ರ ಏಪ್ರಿಲ್‌ನಲ್ಲಿ ಬಸ್ ನಿಂತಾಗ ನಮ್ಮ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಟೆಂಪೋದವನು ಕೇಳಿದಷ್ಟು ಕೊಡಬೇಕಾಯಿತು. ಆ ಎರಡು ವಾರವನ್ನು ನಾನು ಮರೆತಿಲ್ಲ. ನಿಮ್ಮ ಬೇಡಿಕೆ ನ್ಯಾಯದ್ದೇ ಇರಬಹುದು, ಅದರ ಭಾರ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನೂ ನೋಡಿ.

ಹಸಿಕಸ_ಒಣಕಸ (ಮಂಗಳವಾರ, ಮಧ್ಯಾಹ್ನ 2:30)

ಇಲ್ಲಿ ಮೂರನೇ ಪುಸ್ತಕ ನಂದು. ತೂಕದ ಚೀಟಿ.

ನಾ ಕಸದ ಗಾಡಿ ಡ್ರೈವರ್. ಗುತ್ತಿಗೆದಾರರಿಗೆ ಬಿಲ್ ಆಗೂದು ಟನ್ ಲೆಕ್ಕದಾಗ. ಹಿಂಗಾಗಿ ತೂಕದ ಕಾಟಾಕ್ಕ ಹೋಗೂ ಮೊದಲ ಗಾಡ್ಯಾಗ ಮಣ್ಣು, ಒಡದ ಇಟ್ಟಂಗಿ ಸೇರಿಸೂದು ನಾ ಕಣ್ಣಾರೆ ನೋಡೀನಿ. ಹಸಿ ಕಸ, ಒಣ ಕಸ ಬ್ಯಾರೆ ಮಾಡ್ರಿ ಅಂತ ಮನಿ ಮನಿಗೆ ಹಾಡು ಹಚ್ಚಿಕೊಂಡು ಹೋಗಾವರು ನಾವ, ಆಮ್ಯಾಲೆ ಎರಡನ್ನೂ ಒಂದ ಗುಂಡ್ಯಾಗ ಸುರಿಯಾವರೂ ನಾವ. ತಾಯಂದಿರು ಕೇಳತಾರ, ‘ಯಪ್ಪಾ, ನಾವು ಬ್ಯಾರೆ ಬ್ಯಾರೆ ಮಾಡಿ ಕೊಡೂದು ಎಲ್ಲಿ ಹೋಗತೈತಿ?’ ಅಂತ. ಏನ್ ಹೇಳಲಿ?

ಚೀಟಿ ಮ್ಯಾಲ ಸಹಿ ನಂದ ಇರತೈತಿ. ಬ್ಯಾರೆ ಏನರ ಬರದ್ರ ಮರುದಿನ ಗಾಡಿ ಚಾವಿ ಇನ್ನೊಬ್ಬನ ಕೈಯಾಗ. 2022ರಾಗ ಹೋರಾಟ ಆದಾಗ ಪೌರಕಾರ್ಮಿಕರನ್ನ ಖಾಯಂ ಮಾಡತೀವಿ ಅಂತ ಸರ್ಕಾರ ಒಪ್ಪಿತು. ಭಾಳ ಸಂತೋಷ ಆತು, ನಮ್ಮ ಅಕ್ಕತಂಗ್ಯಾರು ಅವರು. ಆದ್ರ ಕಸಬರಗಿ ಹಿಡದವರು ಪೌರಕಾರ್ಮಿಕರು, ಅದ ಕಸ ಗಾಡ್ಯಾಗ ಏರಿಸಾವರು, ಗಾಡಿ ಹೊಡಿಯಾವರು, ಗಟಾರದ ಚೇಂಬರ್ ಬಿಚ್ಚಾವರು ಆ ಲೆಕ್ಕದಾಗ ಇಲ್ಲ. ನೀರಿನವರೂ ಇಲ್ಲ. ‘ಗುತ್ತಿಗೆದಾರ ಬ್ಯಾಡ, ನೇರ ಪಾವತಿ ಕೊಡ್ರಿ’ ಅಂತ ನಾವು ಕೇಳೂದು ಅದಕ್ಕ.

ನಮ್ಮ ಲೋಡರ್ ಹುಡುಗನ ಅಂಗೈಗೆ ಹೋದ ವರ್ಷ ಸೂಜಿ ಚುಚ್ಚಿತು, ದವಾಖಾನಿ ಕಸದ್ದು. ಮನಿ ಕಸದಾಗ ಹೆಂಗ ಬಂತೋ. ಇಂಜೆಕ್ಷನ್ ಖರ್ಚು ಅವನ ಹಾಕಿಕೊಂಡ. ಗ್ಲೌಸ್ ಕೊಟ್ಟೀವಿ ಅಂತ ಒಂದು ರಜಿಸ್ಟರ್ ಐತಿ, ಅದರಾಗ ಅವನ ಸಹಿನೂ ಐತಿ. ಗ್ಲೌಸ್ ನಾವ್ಯಾರೂ ಕಂಡಿಲ್ಲ.

ಪೌರಕಾರ್ಮಿಕರ_ಮಗಳು (ಮಂಗಳವಾರ, ಸಂಜೆ 6:05)

ಅಣ್ಣಾ, ನಮ್ಮ ಅವ್ವನ ಹೆಸರು ಖಾಯಂ ಪಟ್ಟ್ಯಾಗ ಬಂತು. ಇಪ್ಪತ್ತೆರಡು ವರ್ಷ ಕಸಾ ಹೊಡದ ಮ್ಯಾಲ. ಪಗಾರ ಏರಿದ್ದು ಹೌದು, ಆದ್ರ ನಾ ಕಂಡ ಬದಲು ಬ್ಯಾರೆ. ಮೊದಲ ಅವ್ವ ಮೇಸ್ತ್ರಿ ಮುಂದ ನಿಂತ್ರ ಸೆರಗು ತಲಿ ಮ್ಯಾಲ ಎಳಕೊಂಡು ನೆಲಾ ನೋಡ್ತಿದ್ಲು. ಆದೇಶ ಬಂದು ಮೂರು ತಿಂಗಳಿಗೆ, ತನ್ನ ಕೂಡ ಕೆಲಸ ಮಾಡೂ ಒಬ್ಬ ಹೆಣ್ಮಗಳಿಗೆ ಮುಟ್ಟಿನ ದಿನ ಬಟ್ಟಿ ಬದಲಿ ಮಾಡಾಕ ಜಾಗಾ ಇಲ್ಲ ಅಂತ ಅರ್ಜಿ ಬರಸಾಕ ನನ್ನ ಹತ್ರ ಬಂದ್ಲು. ‘ನಿನ್ನ ಹೆಸರು ಮೊದಲ ಬರಿ ಅವ್ವಾ?’ ಅಂದೆ. ‘ಬರಿ, ನನ್ನ ಯಾರೂ ತಗಿಯೂದಿಲ್ಲ’ ಅಂದ್ಲು.

ಚಾವಿ ಅಣ್ಣಾರು ಕೇಳಿದ ಪ್ರಶ್ನೆಗೆ ನನಗ ತಿಳಿದ ಉತ್ತರ ಇದ.

ಕರಿಕೋಟು (ಮಂಗಳವಾರ, ರಾತ್ರಿ 9:20)

ಬೆಳಗಾವಿಯಲ್ಲಿ ಕಾರ್ಮಿಕ ಪ್ರಕರಣಗಳನ್ನು ನಡೆಸುತ್ತೇನೆ. ಚಾವಿ ಅವರಿಗೆ ನೇರವಾಗಿ ಉಪಯೋಗಕ್ಕೆ ಬರುವುದನ್ನು ಮೊದಲು ಹೇಳುತ್ತೇನೆ.

ಇವತ್ತೇ ಎರಡು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದರಲ್ಲಿ ನೀವು ಬರೆದ ದಿನದ ಹಿಂದೆ ಮುಂದೆ ಎರಡೆರಡು ವಾರಗಳ ಲಾಗ್‌ಬುಕ್ ಪುಟಗಳ ನಕಲು ಕೇಳಿ, ಪುಡಿ ದಾಸ್ತಾನಿನ ರಿಜಿಸ್ಟರ್ ಜೊತೆಗೆ. ಇನ್ನೊಂದರಲ್ಲಿ ಗುತ್ತಿಗೆದಾರರು ಬಿಲ್ ಜೊತೆ ಸಲ್ಲಿಸಿದ ಪಿಎಫ್ ಚಲನ್, ಅದಕ್ಕೆ ಲಗತ್ತಿಸಿದ ಕಾರ್ಮಿಕರ ಹೆಸರುಪಟ್ಟಿ ಕೇಳಿ. ಆ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರು, ತಿಂಗಳ ವೇತನ, ಕಟ್ಟಿದ ಮೊತ್ತ ಇರುತ್ತದೆ. ‘ಇವರು ನಮ್ಮ ಕೆಲಸಗಾರರೇ ಅಲ್ಲ’ ಎನ್ನುವವರಿಗೆ ಅದರಷ್ಟು ಗಟ್ಟಿ ಉತ್ತರ ಬೇರೆ ಇಲ್ಲ. ‘ಬರಬೇಡ’ ಎಂದು ಬಂದ ಮೊಬೈಲ್ ಸಂದೇಶವನ್ನು ಅಳಿಸಬೇಡಿ, ಫೋಟೊ ತೆಗೆದು ಇನ್ನೊಬ್ಬರಿಗೂ ಕಳಿಸಿಡಿ. ಆಮೇಲೆ ಕಾರ್ಮಿಕ ಅಧಿಕಾರಿಗೆ ಅರ್ಜಿ. ಅದರಲ್ಲಿ ಗುತ್ತಿಗೆದಾರರನ್ನು ಮಾತ್ರವಲ್ಲ, ಸ್ಥಳೀಯ ಸಂಸ್ಥೆಯನ್ನೂ ಎದುರುದಾರರನ್ನಾಗಿ ಮಾಡಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಗುತ್ತಿಗೆ ಕೊಟ್ಟ ಸಂಸ್ಥೆಯೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. ಆ ಹೊಣೆ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಪಿಎಫ್ ವಿಷಯದಲ್ಲೂ ಹಾಗೆಯೇ, ಗುತ್ತಿಗೆದಾರ ಕಟ್ಟದೆ ಬಿಟ್ಟರೆ ಮೂಲ ಮಾಲೀಕನನ್ನು ಕೇಳಬಹುದು.

ಖಾಯಂ ಮಾಡಿ ಎಂದು ಕೇಳಿದಾಗಲೆಲ್ಲ ಸುಪ್ರೀಂ ಕೋರ್ಟ್‌ನ ಉಮಾದೇವಿ ತೀರ್ಪನ್ನು ಮುಂದೆ ಹಿಡಿಯುತ್ತಾರೆ. 2006ರ ಆ ಪ್ರಕರಣ ನಮ್ಮ ರಾಜ್ಯದ್ದೇ. ಹಿಂಬಾಗಿಲ ನೇಮಕಾತಿ ಬೇಡ ಎಂಬುದು ಅದರ ತಿರುಳು. ದಶಕಗಟ್ಟಲೆ ದುಡಿಸಿಕೊಂಡವರನ್ನು ಹೊರಗಿಡಲು ಅದನ್ನು ಗುರಾಣಿ ಮಾಡಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದವರು ಯಾರು ಗೊತ್ತೇ? ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ, ತೋಟ ನೋಡಿಕೊಳ್ಳುತ್ತಿದ್ದ ಕೆಲಸಗಾರರು. ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡು ಖಾಯಂ ಮಾಡಿ ಎಂದು ಕೋರ್ಟ್ ಆದೇಶಿಸಿತು.

ಟಿಳಕವಾಡಿ ಅವರ ಮಾತಿಗೆ: ಮುಷ್ಕರ ಈಗ ಮೊದಲಿನಷ್ಟು ಸುಲಭವಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಎಲ್ಲ ಕೈಗಾರಿಕೆಗಳಿಗೂ 14 ದಿನಗಳ ನೋಟಿಸ್ ಕಡ್ಡಾಯ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ರಜೆ ಹಾಕಿದರೂ ಅದು ಮುಷ್ಕರವೇ. ನೀರು, ಸಾರಿಗೆ, ನೈರ್ಮಲ್ಯದವರಿಗೆ ಮೊದಲಿನಿಂದಲೂ ಸಾರ್ವಜನಿಕ ಉಪಯುಕ್ತ ಸೇವೆ ಎಂಬ ಕಟ್ಟು ಇದ್ದೇ ಇತ್ತು. ನನಗೆ ಹೆಚ್ಚು ಚಿಂತೆ ಇರುವುದು ಇನ್ನೊಂದರ ಬಗ್ಗೆ. ಗುತ್ತಿಗೆ ಕಾರ್ಮಿಕರ ನಿಯಮಗಳು 20 ಮಂದಿ ಇದ್ದಲ್ಲಿ ಅನ್ವಯಿಸುತ್ತಿದ್ದವು, ಈಗ ಅದು 50ಕ್ಕೆ ಏರಿದೆ. ನಮ್ಮ ಸಣ್ಣ ಪುರಸಭೆಗಳಲ್ಲಿ ನೀರಿನ ಗುತ್ತಿಗೆಯಲ್ಲಿ 50 ಮಂದಿ ಎಲ್ಲಿರುತ್ತಾರೆ?

ಚಾವಿ_ಬಾಗಲಕೋಟಿ (ಮಂಗಳವಾರ, ರಾತ್ರಿ 10:10)

ವಕೀಲ್ ಸಾಹೇಬ್ರ, ಉಪಕಾರ ಆತು. ನಾಳೆ ಅರ್ಜಿ ಹಾಕ್ತೀನಿ. ನಾವು 26 ಮಂದಿ ಅದೀವಿ, 50 ಅಲ್ಲ.

ಟಿಳಕವಾಡಿ ಸರ್, ನೀವು ಅಮ್ಮಾರ ಬಗ್ಗೆ ಬರದದ್ದು ಓದಿದೆ. ನೀರು ಬಂದ್ ಮಾಡಬೇಕಂತ ನಾ ಎಂದೂ ಅಂದಾಂವಲ್ಲ. ವಾಲ್ ಬಿಡೋ ಕೆಲಸ ನೀವು ನೋಡಿರಲಿಕ್ಕಿಲ್ಲ, ಹೇಳ್ತೀನಿ. ಮುಂಜಾನೆ ನಾಕಕ್ಕ ರಸ್ತೆ ನಡುವಿನ ಚೇಂಬರಿನ ಮುಚ್ಚಳ ಎತ್ತಿ, ಮಣಕಾಲೂರಿ, ಚಾವಿ ಹಾಕಿ ತಿರವಬೇಕು. ನಮ್ಮ ದೊಡ್ಡ ವಾಲ್ 32 ಸುತ್ತು. ಒಂದ ದಮ್ಮಿಗೆ ತಿರವಿದ್ರ ನೀರಿನ ಹೊಡತಕ್ಕ ಹಳೇ ಪೈಪು ಒಡಿತಾವ. ನಾಕ್ ಸುತ್ತು ತಿರವಿ ಪೈಪಿನ ಮ್ಯಾಲ ಕೈ ಇಡಬೇಕು, ಒಳಗ ಗಾಳಿ ಹೊರಗ ಹೋಗೂದು ಕೈಗೆ ಗೊತ್ತಾಗತೈತಿ. ಆಮ್ಯಾಲೆ ಮತ್ತ ನಾಕ್. ಮೊದಲ ನೀರು ಬರೂ ಮನಿಯಿಂದ ಕಡೀ ಮನಿಮಟ ಯಾರ ನಳ ಎತ್ತರ, ಯಾರದು ಇಳಿಜಾರು, ಯಾವ ಮನ್ಯಾಗ ಬಾಣಂತಿ ಅದಾಳ, ಎಲ್ಲಾ ತಲ್ಯಾಗ ಇರತೈತಿ. ಇದು ಯಾವ ನಕಾಶೆದಾಗೂ ಇಲ್ಲ. 2019ರ ಆಗಸ್ಟಿನ್ಯಾಗ ಹೊಳಿ ಬಂದಾಗ ಜಾಕ್‌ವೆಲ್, ಅಂದ್ರ ಹೊಳಿ ನೀರು ಎತ್ತೋ ಪಂಪಿನ ಬಾವಿ, ಅದರ ಒಳಗ ನೀರು ಏರಾಕತ್ತಿತ್ತು. ಪ್ಯಾನೆಲ್ ಬೋರ್ಡ್ ಬಿಚ್ಚಿ ಹೆಗಲ ಮ್ಯಾಲ ಹೊತ್ತು ಮ್ಯಾಲ ತಂದಾವರು ನಾವು ಐದು ಮಂದಿ. ಐದೂ ಮಂದಿ ಗುತ್ತಿಗಿಯವರ. ಅವರಾಗ ಇಬ್ಬರು ಮುಂದಿನ ಟೆಂಡರ್‌ನ್ಯಾಗ ಇರಲಿಲ್ಲ.

ಕಬ್ಬು ನುರಿಸೋ ಹಂಗಾಮಿನ್ಯಾಗ ಹೊಳಿ ನೀರಿನ ಬಣ್ಣ, ವಾಸನಿ ಬದಲಿ ಆಗೂದನ್ನ ಊರಾಗ ಮೊದಲ ಕಾಣಾವರೂ ನಾವ. ಬುರುಗು ತೇಲಿ ಬರತೈತಿ. ಲಾಗ್‌ಬುಕ್ಕಿನ್ಯಾಗ ‘ಬಣ್ಣ, ವಾಸನೆ’ ಅಂತ ಒಂದು ಕಾಲಂ ಐತಿ. ಹದಿಮೂರು ವರ್ಷದ ಪುಸ್ತಕ ತಗದು ನೋಡ್ರಿ, ಆ ಕಾಲಂನ್ಯಾಗ ಬರೇ ‘ಸರಿ’ ಅಂತ ಇರತೈತಿ. ಹೊಳಿ ಹೊಲಸ ಆಗೇತಿ ಅಂತ ದೊಡ್ಡ ದೊಡ್ಡ ಸಭಾ ಮಾಡತಾರ. ಅದನ್ನ ದಿನಾ ನೋಡೋ ಮನುಷ್ಯಾಗ ಒಂದು ಶಬ್ದ ಬರಿಯೋ ಧೈರ್ಯ ಇಲ್ಲ.

ಹಳೇ_ಕಾಕಾ (ಬುಧವಾರ, ಬೆಳಗ್ಗೆ 8:45)

ತಮ್ಮಾ ಚಾವಿ, ನಾ ನಿವೃತ್ತ ಆಗಿ ಒಂಬತ್ತು ವರ್ಷ. ಮೂವತ್ತು ವರ್ಷ ಸಂಘದ ಕೆಲಸ ಮಾಡೀನಿ, ಅದಕ್ಕ ಸ್ವಲ್ಪ ಕಹಿ ಮಾತು ಹೇಳ್ತೀನಿ.

ನೀರಿನವರು, ಕಸದವರು, ಬಸ್ಸಿನವರು ಒಂದ ಕಡೆ ಕೂಡಬೇಕಂತ ನಾ 1990ರ ದಶಕದಿಂದ ಕೇಳಕೋತ ಬಂದೀನಿ. ಕೂಡೂದಿಲ್ಲ. ಯಾಕಂದ್ರ ಕದ ಬಡಿಯೂದು ಬ್ಯಾರೆ ಬ್ಯಾರೆ ಮನೀವು. ನೀವು ನಗರಾಭಿವೃದ್ಧಿ ಇಲಾಖೆ, ಹಳ್ಳಿ ವಾಟರ್‌ಮನ್ ಪಂಚಾಯತ್ ರಾಜ್, ಬಸ್ಸಿನವರು ಸಾರಿಗಿ. ಬಸ್ಸಿನವರ ಒಳಗ ನೋಡ್ರಿ: ಬೆಳಗಾವಿ, ಬಾಗಲಕೋಟಿ ವಾಯವ್ಯ ಸಾರಿಗಿಗೆ ಸೇರಿದ್ರ ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗಿಗೆ. 2021ರಾಗ ಒಂದು ಸಂಘಟನಿ ಮುಷ್ಕರ ಅಂದ್ರ ಇನ್ನೊಂದು ದೂರ ನಿಂತಿತು. ವಜಾ ಆದವರು, ದೂರದ ಡಿಪೋಕ್ಕ ವರ್ಗ ಆದವರು ಎಷ್ಟು ಮಂದಿ. ಎಷ್ಟೋ ಮಂದೀನ ಆಮ್ಯಾಲೆ ವಾಪಸ್ ತಗೊಂಡ್ರು ಖರೇ, ಆದ್ರ ಆ ವರ್ಷದಾಗ ಮನಿ ಮಾರಿದವರನ್ನ ನಾ ಬಲ್ಲೆ.

ಅದಕ್ಕ ನನ್ನ ಮಾತು ಸಣ್ಣದು. ದೊಡ್ಡ ಒಕ್ಕೂಟ ಕಟ್ಟಾಕ ಹೋಗಬ್ಯಾಡ್ರಿ. ಒಂದು ಬೇಡಿಕಿ ಸಾಕು: ನೀರಿನ ಲಾಗ್‌ಬುಕ್ಕು, ಗಾಡಿ ದೋಷದ ಲಾಗ್‌ಶೀಟು, ತೂಕದ ಚೀಟಿ, ಈ ಮೂರರಾಗ ಬರದದ್ದಕ್ಕ ಯಾರನ್ನೂ ಕೆಲಸದಿಂದ ತಗೀಬಾರದು, ತಗದ್ರ ಕಾರಣ ಬರದು ಕೊಡಬೇಕು. ಬರದದ್ದರ ಒಂದು ಕಾರ್ಬನ್ ಪ್ರತಿ ಬರದವನ ಹತ್ರ ಇರಬೇಕು. ಟೆಂಡರಿನ ಷರತ್ತಿನ್ಯಾಗ ಇದನ್ನ ಸೇರಸ್ರಿ ಅಂತ ಕೇಳ್ರಿ. ಇದಕ್ಕ ಕೋಟಿ ರೂಪಾಯಿ ಬೇಕಾಗಿಲ್ಲ, ವಿಧಾನಸಭಾದಾಗ ಕಾಯ್ದೆ ಆಗಬೇಕಾಗಿಲ್ಲ. ಊರ ಮಂದಿನೂ ನಿಮ್ಮ ಕೂಡ ನಿಲ್ಲತಾರ, ಯಾಕಂದ್ರ ಕುಡಿಯೂ ನೀರು ಅವರದು.

ಗುಮ್ಮಟದೂರು (ಬುಧವಾರ, ಮಧ್ಯಾಹ್ನ 1:10)

ವಿಜಯಪುರದಿಂದ. ಬಸ್ ಮೆಕ್ಯಾನಿಕ್ ಇದ್ದೀನಿ.

ಕಾಕಾ ಅವರ ಮಾತು ಖರೆ ಅದ, ಆದ್ರ ಒಂದು ತಪ್ಪು ನಮ್ಮದೂ ಅದ, ಅದನ್ನ ಒಪ್ಕೋಬೇಕು. ಹೊರಗುತ್ತಿಗಿ ಹುಡುಗರು ಮೊದಲ ಸಲ ಬಂದಾಗ ನಾವು ಖಾಯಂ ಇದ್ದವರು ಅವರನ್ನ ಸಂಘದ ಮೀಟಿಂಗಿಗೆ ಕರೀಲಿಲ್ಲ. ‘ಇವರಿಂದ ನಮ್ಮ ಕೆಲಸ ಹೋಗ್ತದ’ ಅಂತ ಅವರ ಕೂಡ ಚಹಾನೂ ಕುಡೀಲಿಲ್ಲ. ಬ್ರೇಕ್ ಲೈನರ್ ಸವದದ್ದು ಗೊತ್ತಾದ್ರೂ ಆ ಹುಡುಗರು ನಮಗ ಹೇಳ್ತಿರಲಿಲ್ಲ. ಅಂಜಿಕಿ ಒಂದು, ನಮ್ಮ ಮ್ಯಾಲಿನ ಸಿಟ್ಟೂ ಒಂದು. ಈಗ ಇ-ಬಸ್‌ನಾಗ ಕಿಲೋಮೀಟರ್ ಲೆಕ್ಕದ ಗುತ್ತಿಗಿ ಬರ್ಲಿಕತ್ತದ, ಡ್ರೈವರ್ ಕಂಪನಿಯವ, ಕಂಡಕ್ಟರ್ ಸಂಸ್ಥಾದವ. ಒಂದ ಗಾಡ್ಯಾಗ ಇಬ್ಬರು, ಇಬ್ಬರಿಗೂ ಬ್ಯಾರೆ ಮಾಲಕರು. ಗಾಡಿ ಕೆಟ್ಟದ ಅಂತ ಯಾರು ಯಾರಿಗೆ ಬರೀಬೇಕು?

ನಮ್ಮ ಊರಿಗೆ ಈಗ ಕೊಲ್ಹಾರದಿಂದ ಕೃಷ್ಣಾ ನೀರು ಬರ್ತದ. ಆದಿಲಶಾಹಿ ಕಾಲಕ್ಕ ತೊರವಿ ಕಡಿಂದ ನೆಲದಾಗ ಸುರಂಗ ಕೊರದು ನೀರು ತಂದಿದ್ರು, ಬೇಗಂ ತಲಾಬ್‌ದಿಂದ ಕೊಳವಿ ಹಾಕಿದ್ರು. ನಡುನಡುವ ನೀರಿನ ಗೋಪುರ ಕಟ್ಟಿದ್ರು, ಅವಕ್ಕ ಗಂಜ್ ಅಂತೀವಿ. ಒತ್ತಡ ಹೆಚ್ಚಾಗಿ ಕೊಳವಿ ಒಡೀಬಾರದು, ರಾಡಿ ತಳಕ್ಕ ಕೂಡಬೇಕು ಅಂತ ಆ ಗೋಪುರ. ಚಾವಿ ಅಣ್ಣಾರು ನಾಕ್ ನಾಕ್ ಸುತ್ತು ತಿರವಿ ಪೈಪಿನ ಮ್ಯಾಲ ಕೈ ಇಡ್ತೀನಿ ಅಂದ್ರಲ್ಲ, ಓದಿದಾಗ ನನಗ ಆ ಗಂಜ್ ನೆನಪಾದ್ವು. ಆ ರಾಡಿ ತಗಿಲಿಕ್ಕೆ ಒಳಗ ಇಳದವರು ಇದ್ದೇ ಇದ್ರು. ಕಟ್ಟಿಸಿದ ಸುಲ್ತಾನರ ಹೆಸರು ನಮ್ಮ ಊರಾಗ ಸಣ್ಣ ಹುಡುಗರಿಗೂ ಗೊತ್ತದ.

ವಸ್ತಿ_ಬಸ್ (ಬುಧವಾರ, ರಾತ್ರಿ 9:50)

ಟಿಳಕವಾಡಿ ಸರ್‌ಗೆ ಒಂದು ಮಾತು ಹೇಳಬೇಕಂತ ಎರಡು ದಿನದಿಂದ ಬರದು ಬರದು ಅಳಿಸೀನಿ.

ನಿಮ್ಮ ಅಮ್ಮಾರಿಗೆ ಆದ ತ್ರಾಸಿಗೆ ಕ್ಷಮಾ ಕೇಳ್ತೀನಿ. ನಾನೂ ಆ ಮುಷ್ಕರದಾಗ ಇದ್ದೆ. ಆರನೇ ವೇತನ ಆಯೋಗದ ಪ್ರಕಾರ ಪಗಾರ ಕೊಡ್ರಿ ಅಂತ ಕೇಳಿದ್ವಿ. ಒಂಬತ್ತು ದಿನ ಮನ್ಯಾಗ ಕೂತೆ, ಹತ್ತನೇ ದಿನ ಜಮಖಂಡಿ ಕಡೆ ಕೆಲಸಕ್ಕ ಹೋಗಿದ್ದ ಒಬ್ಬ ಡ್ರೈವರ್ ಕಲ್ಲೇಟಿಗೆ ಸತ್ತ ಸುದ್ದಿ ಬಂತು. ನಿವೃತ್ತಿಗೆ ಬಂದ ವಯಸ್ಸಿನಾಂವ. ಅವತ್ತ ರಾತ್ರಿ ನಾ ಊಟ ಮಾಡಲಿಲ್ಲ. ಮುಷ್ಕರ ಮಾಡಿದಾಂವನೂ ನಮ್ಮಾಂವ, ಗಾಡಿ ಹೊರಗ ತಗದಾಂವನೂ ನಮ್ಮಾಂವ. ಹಂಗಾಗಬಾರದಿತ್ತು.

ನಾಕ್ ವರ್ಷಕ್ಕೊಮ್ಮೆ ಪಗಾರ ಪರಿಷ್ಕರಣೆ ಆಗಬೇಕು. 2020ರ ಜನವರಿದು 2023ರ ಮಾರ್ಚಿಗೆ ಶೇ 15 ಅಂತ ಆತು. ನಡುವಿನ 38 ತಿಂಗಳ ಬಾಕಿ ಕೇಳಿದ್ರ 14 ತಿಂಗಳದ್ದು ಅಂದ್ರು. 2024ರ ಜನವರಿದು ಮತ್ತ ಬಾಕಿ ನಿಂತಿತು. 2025ರ ಆಗಸ್ಟ್ 5ಕ್ಕ ಮತ್ತ ಬಸ್ ನಿಂತ್ವು, ಹೈಕೋರ್ಟ್ ಬ್ಯಾಡ ಅಂದಿದ್ದಕ್ಕ ಅವತ್ತ ಸಂಜೀಕ ಮುಗೀತು. 2023ರ ಜೂನ್ 11ರಿಂದ ಶಕ್ತಿ ಯೋಜನಾ ಬಂತು, ಹೆಣ್ಮಕ್ಕಳು ಬಸ್ ತುಂಬ ಬರಾಕತ್ತಿದ್ದು ನಮಗ ಖುಷಿ. ಹೊಲಕ್ಕ, ಸಂತಿಗೆ, ಕಾಲೇಜಿಗೆ ಹೊಂಟ ಮುಖ ನೋಡಿದ್ರ ಖುಷಿ ಆಗತೈತಿ. ಆದ್ರ ಮಂದಿ ಹೆಚ್ಚಾದಷ್ಟು ಗಾಡಿ ಹೆಚ್ಚಾಗಲಿಲ್ಲ, ನಾವೂ ಹೆಚ್ಚಾಗಲಿಲ್ಲ. ತುಂಬಿದ ಗಾಡ್ಯಾಗ ಒಂದೊಂದು ಸೊನ್ನೆ ಟಿಕೆಟ್ ಹರೀಬೇಕು ಕಂಡಕ್ಟರ್. ಒಂದು ತಪ್ಪಿದ್ರ ಚೆಕಿಂಗ್‌ನವರು ಮೆಮೊ ಕೊಡತಾರ. ನಮ್ಮ ಕೂಡ ಬರೋ ಕಂಡಕ್ಟರ್ ತಂಗಿ ಸಂಜಿ ಆದ ಮ್ಯಾಲ ನೀರು ಕುಡಿಯೂದಿಲ್ಲ. ಯಾಕಂತ ಒಮ್ಮೆ ಕೇಳಿದೆ. ‘ಈ ಊರಾಗ ಹೆಣ್ಮಕ್ಕಳು ಹೋಗೋ ಜಾಗಾ ಎಲ್ಲೈತಿ ಅಣ್ಣಾ’ ಅಂದ್ಲು.

ಎಂಟು ತಾಸಿನ ದುಡಿಮಿ, ನಡುವ ಅರ್ಧ ತಾಸು ವಿಶ್ರಾಂತಿ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬರದಿತ್ತು. ನಿದ್ದಿಗಣ್ಣಿನ್ಯಾಗ ಗಾಡಿ ಹೊಡದ ರಾತ್ರಿಗಳನ್ನ ನಾ ಯಾವ ಲಾಗ್‌ಶೀಟಿನ್ಯಾಗೂ ಬರದಿಲ್ಲ. ಕಾಕಾ ಅವರು ಹೇಳಿದ ಬೇಡಿಕಿ ನಮ್ಮ ಡಿಪೋದಾಗ ನಾ ಎತ್ತತೀನಿ.

ಟಿಳಕವಾಡಿ_ಓದುಗ (ಗುರುವಾರ, ಬೆಳಗ್ಗೆ 6:50)

ಮುಷ್ಕರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕಾರ್ಬನ್ ಪ್ರತಿಯ ಬೇಡಿಕೆಗೆ ನಾನು ಸಹಿ ಹಾಕುತ್ತೇನೆ, ನಮ್ಮ ಓಣಿಯವರ ಸಹಿಯನ್ನೂ ತರುತ್ತೇನೆ. ನಿನ್ನೆ ಅಂಗಡಿಯಿಂದ ಆ ಪರೀಕ್ಷೆಯ ಔಷಧ ತಂದು ನಮ್ಮ ನಳದ ನೀರಿಗೆ ಹನಿ ಬಿಟ್ಟು ನೋಡಿದೆ. ಹಳದಿ ಆಯಿತು. ಅದನ್ನು ಹಳದಿ ಮಾಡಿದವರು ಯಾರೆಂದು ಐವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಕರಿಕೋಟು (ಗುರುವಾರ, ಬೆಳಗ್ಗೆ 10:30)

ಹಸಿಕಸ ಅವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಚೇಂಬರ್ ಒಳಗೆ ಇಳಿ ಎಂದು ಯಾರಾದರೂ ಹೇಳಿದರೆ ಇಳಿಯಬೇಡಿ, ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು ಅಪರಾಧ. ಸತ್ತರೆ 10 ಲಕ್ಷ ಪರಿಹಾರ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಗ್ಲೌಸ್ ರಿಜಿಸ್ಟರ್‌ಗೆ ಇನ್ನು ಮುಂದೆ ವಸ್ತು ಕೈಗೆ ಬರದೆ ಸಹಿ ಹಾಕಬೇಡಿ. ಸುಳ್ಳು ಸಹಿ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ಚಾವಿ_ಬಾಗಲಕೋಟಿ (36 ದಿನಗಳ ನಂತರ, ರಾತ್ರಿ 8:20)

ಎಲ್ಲಾರಿಗೂ ಮತ್ತ ಶರಣು. ಉತ್ತರ ಬಂದೈತಿ.

ಪಿಎಫ್ ಪಟ್ಟಿ ಮೊದಲ ಹೇಳ್ತೀನಿ. 26 ಮಂದ್ಯಾಗ 15 ಮಂದಿ ಹೆಸರು ಅಷ್ಟ ಐತಿ. ನನ್ನ ಹೆಸರು ಏಳು ತಿಂಗಳು ಐತಿ, ಆಮ್ಯಾಲೆ ಇಲ್ಲ. ಪಗಾರದಾಗ ಮಾತ್ರ ಪ್ರತಿ ತಿಂಗಳು ಹಿಡದಾರ. ಉಳಿದ 11 ಮಂದೀನ ನಿನ್ನೆ ಗುಡಿ ಕಟ್ಟಿ ಮ್ಯಾಲ ಕೂಡಿಸಿ ಪಟ್ಟಿ ಓದಿ ಹೇಳಿದೆ. ಒಬ್ಬ ಹಿರ್ಯಾ ‘ನಂದು ಒಮ್ಮೆನೂ ಇಲ್ಲೇನು?’ ಅಂತ ಮೂರು ಸಲ ಕೇಳಿದ. ಮೂರು ಸಲಾನೂ ಪಟ್ಟಿ ಮ್ಯಾಲಿಂದ ಕೆಳಗ ಓದಿದೆ.

ಲಾಗ್‌ಬುಕ್ಕಿನ ನಕಲೂ ಬಂದೈತಿ. ನಾ ಬರದ ಪುಟ ಹರದಿರಬೇಕು ಅಂತ ಅಂಜಿದ್ದೆ. ಹರದಿಲ್ಲ. ನನ್ನ ಅಕ್ಷರ, ‘ಸೊನ್ನೆ’, ನನ್ನ ಸಹಿ, 2:40 ಅಂತ ಟೈಮ್. ಅದರ ಹಿಂದಿನ ಹನ್ನೊಂದು ದಿನ, ಮುಂದಿನ ಹದಿನಾಕ್ ದಿನ, ಎಲ್ಲಾ 0.2. ಮುಂದಿನ ಹದಿನಾಕೂ ಒಂದ ಪೆನ್ನು, ಒಂದ ಕೈ. ದಾಸ್ತಾನು ರಜಿಸ್ಟರ್ ಪ್ರಕಾರ ಹೊಸ ಪುಡಿ ಬಂದಿದ್ದು ನಾ ಬರದ ಆರನೇ ದಿನಕ್ಕ. ಪುಡಿ ಇಲ್ಲದ ಐದು ದಿನಾನೂ 0.2. ಹಿಂದಿನ ಹನ್ನೊಂದರಾಗ ಮೂರು ನನ್ನ ಪಾಳಿದು. ಆ ಮೂರು ರಾತ್ರಿ ಹನಿ ಬಿಟ್ಟು ನೋಡೇ ಬರದೀನಿ, ಆದ್ರ ಈ ಹಾಳಿ ನೋಡಿದವರು ಅದನ್ನ ನಂಬತಾರೋ ಇಲ್ಲೋ ಗೊತ್ತಿಲ್ಲ. ಸುಳ್ಳು 0.2, ಖರೇ 0.2 ಎರಡೂ ನೋಡಾಕ ಒಂದ ಥರಾ ಅದಾವ.

ಕಾರ್ಮಿಕ ಅಧಿಕಾರಿ ಮುಂದ ಬರೋ ಬುಧವಾರ 11 ಗಂಟೆಗೆ ಕರದಾರ. ಗುತ್ತಿಗೆದಾರರಿಗೂ ಕಚೇರಿಯವರಿಗೂ ನೋಟಿಸ್ ಹೋಗೈತಿ. ಕಾಕಾ, ನೀವು ಹೇಳಿದ ಬೇಡಿಕಿ ಟೈಪ್ ಮಾಡಿಸೀನಿ, ಒಂದ ಪುಟ. ಟಿಳಕವಾಡಿ ಸರ್ 140 ಸಹಿ ಕಳಿಸ್ಯಾರ. ನನ್ನ ಕೂಡ ಬರೂವರು ಈಗ ಒಂಬತ್ತು ಮಂದಿ. ಉಳಿದವರು ಕೆಲಸ ಹೋಗತೈತಿ ಅಂತ ಅಂಜ್ಯಾರ, ಅವರನ್ನ ನಾ ಬೈಯೂದಿಲ್ಲ.

ಹಳೇ_ಕಾಕಾ (ರಾತ್ರಿ 8:45)

ಮೂಲ ಹಾಳಿ ಮನ್ಯಾಗ ಇಡು ತಮ್ಮಾ, ಅಲ್ಲಿಗೆ ನಕಲು ಅಷ್ಟ ಒಯ್ಯಿ. ಮೂರು ಪ್ರತಿ. ಕೊಟ್ಟದ್ದಕ್ಕ ಶಿಕ್ಕಾ ಹಾಕಿಸಿಕೊಂಡ ಎದ್ದು ಬಾ.

ಹಸಿಕಸ_ಒಣಕಸ (ರಾತ್ರಿ 9:05)

ನಾವು ಮೂರು ಮಂದಿ ಬರ್ತೀವಿ. ಗಾಡಿ ಹನ್ನೊಂದರ ಒಳಗ ಖಾಲಿ ಮಾಡಿ ಬರಬೇಕು, ಸ್ವಲ್ಪ ತಡ ಆದ್ರ ಹೊರಗ ನಿಂತಿರತೀವಿ.

ವಸ್ತಿ_ಬಸ್ (ರಾತ್ರಿ 11:30)

ಬುಧವಾರ ನನಗ ವಾರದ ರಜಾ. ಮುಂಜಾನೆ ವಸ್ತಿ ಗಾಡಿ ತಂದು ಡಿಪೋದಾಗ ಬಿಟ್ಟು, ಲಾಗ್‌ಶೀಟ್ ಬರದು, ಅಲ್ಲಿಂದ ಸೀದಾ ಬರ್ತೀನಿ. ಕಂಡಕ್ಟರ್ ತಂಗಿನೂ ಬರತೀನಿ ಅಂದಾಳ.